‘ಚರ್ಚಿಸಿ’ ಎಂಬ ಒಂದು ಷರಾ

2011ರ ಅಕ್ಟೋಬರ್ 16, ಭಾನುವಾರ. ಜಯನಗರದ ಮಾಧವನ್ ಪಾರ್ಕಿನಲ್ಲಿ ಬೆಳಗಿನ ವಾಯುವಿಹಾರಕ್ಕೆ ಬಂದವರೆಲ್ಲರ ಬಾಯಲ್ಲಿ ಒಂದೇ ಸುದ್ದಿ. ಹಿಂದಿನ ದಿನ ಲೋಕಾಯುಕ್ತ ವಿಶೇಷ ನ್ಯಾಯಾಲಯ ಜಾಮೀನು ನಿರಾಕರಿಸಿದ ಮೇಲೆ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ನ್ಯಾಯಾಧೀಶರ ಮುಂದೆ ಶರಣಾಗಿ ಪರಪ್ಪನ ಅಗ್ರಹಾರದ ಸೆರೆಮನೆ ಸೇರಿದ್ದರು. ಎದೆನೋವೆಂದು ಅವರನ್ನು ನಮ್ಮ ಬಡಾವಣೆಗೆ ಸಮೀಪದ ಜಯದೇವ ಆಸ್ಪತ್ರೆಗೆ ಕರೆತಂದರಂತೆ ಎಂಬ ಮಾತೂ ಹರಡಿತ್ತು. ಬ್ಯಾಂಕಿನಿಂದ ನಿವೃತ್ತರಾದ ನನ್ನ ಗೆಳೆಯರೊಬ್ಬರು, ‘ನೋಡಿದಿರಾ, ಉಪ್ಪು ತಿಂದವರು ನೀರು ಕುಡಿಯಲೇಬೇಕು’ ಎಂದು ನನ್ನ ಹೆಗಲು ತಟ್ಟಿದರು. ನಾನು ಹೌದೆಂದು ತಲೆಯಾಡಿಸಿದೆ. ಆದರೆ ಅವರ ಸಂತೋಷ ನನ್ನದಾಗಲಿಲ್ಲ. ಆಗ ನಾನಿನ್ನೂ ಸೇವೆಯಲ್ಲಿದ್ದೆ. ವಿಧಾನಸೌಧದ ಸುತ್ತಮುತ್ತಲ ಕಚೇರಿಗಳಲ್ಲಿ ಕೂತು ಕಡತ ನೋಡಿದ ನನ್ನಂಥವರಿಗೆ ಆ ವರ್ಷವಿಡೀ ಹೊಟ್ಟೆಯೊಳಗೆ ಒಂದು ಸಣ್ಣ ನಡುಕವಿತ್ತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಕರ್ನಾಟಕದ ಇತ್ತೀಚಿನ ಇತಿಹಾಸದಲ್ಲಿ ಕಾನೂನು ಮತ್ತು ರಾಜಕಾರಣ 2011ರಷ್ಟು ಬಿಡುವಿಲ್ಲದೆ ಮುಖಾಮುಖಿಯಾದ ವರ್ಷ ಇನ್ನೊಂದಿಲ್ಲವೆಂದು ನನ್ನ ಎಣಿಕೆ. ಜನವರಿ 21ರಂದು ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರು ಇಬ್ಬರು ವಕೀಲರ ಅರ್ಜಿಯನ್ನು ಮನ್ನಿಸಿ, ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯ ವಿರುದ್ಧ ಮೊಕದ್ದಮೆಗೆ ಅನುಮತಿ ನೀಡಿದರು. ಮರುದಿನ ಆಡಳಿತ ಪಕ್ಷವೇ ರಾಜ್ಯ ಬಂದ್‌ಗೆ ಕರೆ ಕೊಟ್ಟಿತು. ಸರ್ಕಾರ ನಡೆಸುವವರೇ ಬಸ್ಸು ನಿಲ್ಲಿಸಿದ ವಿಚಿತ್ರವನ್ನು ನಾವು ಕಂಡೆವು. ಮೇ 13ರಂದು ಸುಪ್ರೀಂ ಕೋರ್ಟ್, ಹಿಂದಿನ ಅಕ್ಟೋಬರಿನಲ್ಲಿ ವಿಧಾನಸಭಾಧ್ಯಕ್ಷರು ಹದಿನಾರು ಶಾಸಕರನ್ನು ಅನರ್ಹಗೊಳಿಸಿದ್ದ ಆದೇಶಗಳನ್ನು ರದ್ದುಮಾಡಿತು. ಅದರ ಬೆನ್ನಿಗೇ ರಾಜ್ಯಪಾಲರು ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು, ಕೇಂದ್ರ ಒಪ್ಪಲಿಲ್ಲ. ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ಅಂತಿಮ ವರದಿ ಸಲ್ಲಿಸಿದರು. 31ರ ಭಾನುವಾರ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಆಗಸ್ಟ್ ಮೊದಲ ವಾರ ಸದಾನಂದ ಗೌಡರು ಆ ಸ್ಥಾನಕ್ಕೆ ಬಂದರು. ಸೆಪ್ಟೆಂಬರ್ 5ರಂದು ಸಿಬಿಐ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು. ಆಮೇಲಿನದು ಅಕ್ಟೋಬರ್ 15.

ಪತ್ರಿಕೆಗಳ ಮುಖಪುಟದಲ್ಲಿ ಇದೆಲ್ಲ ವ್ಯಕ್ತಿಗಳ ಕಾದಾಟದಂತೆ ಕಂಡಿತು: ಒಬ್ಬ ರಾಜ್ಯಪಾಲ, ಒಬ್ಬ ಮುಖ್ಯಮಂತ್ರಿ, ಒಬ್ಬ ಲೋಕಾಯುಕ್ತ. ಫ್ರೀಡಂ ಪಾರ್ಕಿನಲ್ಲಿ ಅಣ್ಣಾ ಹಜಾರೆಯವರ ಪರವಾಗಿ ಮೇಣದ ಬತ್ತಿ ಹಚ್ಚಿದ ತರುಣರಿಗೂ ಹಾಗೆಯೇ ಕಂಡಿರಬೇಕು. ಒಳಗಿದ್ದ ನನಗೆ ಕಂಡದ್ದು ಬೇರೆ. ಆ ವರ್ಷದ ಅಷ್ಟೂ ಬೆಳವಣಿಗೆಗಳ ಬುಡದಲ್ಲಿ ಇದ್ದುದು ಮಧ್ಯಮ ದರ್ಜೆಯ ನೌಕರರು ಹಸಿರು ಹಾಳೆಯ ಮೇಲೆ ಬರೆದಿಟ್ಟ ಕೆಲವು ಕಂಡಿಕೆಗಳು.

ಜನವರಿಯ ಅರ್ಜಿಯನ್ನೇ ನೋಡಿ. ಅದರಲ್ಲಿ ಬಂದ ಹೆಸರುಗಳಲ್ಲಿ ರಾಚೇನಹಳ್ಳಿ ನಗರದ ಉತ್ತರಕ್ಕಿದೆ. ಅರಕೆರೆ, ದೇವರಚಿಕ್ಕನಹಳ್ಳಿ ನಮ್ಮ ಕಡೆಯವು. ಬನ್ನೇರುಘಟ್ಟ ರಸ್ತೆಯಲ್ಲಿ ಐಐಎಂ ದಾಟಿ ಹೋಗುವವರಿಗೆ ಈ ಎರಡು ಹಳ್ಳಿಗಳು ಇಂದು ಬಸ್ ನಿಲ್ದಾಣದ ಹೆಸರುಗಳು ಮಾತ್ರ. ಬಿಟಿಎಂ ಎಂಬ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ ಎಂಬುದನ್ನೂ ಅಲ್ಲಿನ ಅನೇಕ ನಿವಾಸಿಗಳು ಅರಿಯರು. ದಕ್ಷಿಣ ಬೆಂಗಳೂರಿನ ನಾವೆಲ್ಲರೂ ಯಾರದೋ ರಾಗಿ ಹೊಲದ ಮೇಲೆ ಮನೆ ಕಟ್ಟಿಕೊಂಡವರೇ. ಆ ಹೊಲ ನಿವೇಶನವಾಗುವ ದಾರಿಯನ್ನು ಕಾನೂನು ಗೊತ್ತುಮಾಡಿದೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಂತೆ ಮೊದಲು ಪ್ರಾಥಮಿಕ ಅಧಿಸೂಚನೆ, ಬಳಿಕ ಅಂತಿಮ ಅಧಿಸೂಚನೆ, ಪರಿಹಾರ, ಸ್ವಾಧೀನ, ಬಡಾವಣೆ, ಹಂಚಿಕೆ. ನಡುವೆ ಒಂದು ಕಿಟಕಿಯನ್ನು 1894ರ ಭೂಸ್ವಾಧೀನ ಕಾಯ್ದೆಯ 48ನೇ ಕಲಂ ತೆರೆದಿಟ್ಟಿತ್ತು: ಸ್ವಾಧೀನಕ್ಕೆ ತೆಗೆದುಕೊಳ್ಳದ ಜಮೀನನ್ನು ಸರ್ಕಾರ ಕೈಬಿಡಬಹುದು. ಜನ ಇದನ್ನೇ ಡಿನೋಟಿಫಿಕೇಷನ್ ಎನ್ನುವುದು. ದೇವಸ್ಥಾನವೋ ಸ್ಮಶಾನವೋ ಹಳೆಯ ಮನೆಯೋ ಇದ್ದರೆ ಬಿಟ್ಟುಬಿಡಲು ಆ ಕಲಂ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಷರತ್ತು ಒಂದೇ: ಸ್ವಾಧೀನ ಆಗಿರಕೂಡದು. ಒಮ್ಮೆ ಸರ್ಕಾರ ಜಮೀನಿನ ಸ್ವಾಧೀನ ಪಡೆಯಿತೆಂದರೆ ಕಿಟಕಿ ಮುಚ್ಚಿತು. ಹೀಗಾಗಿ ಕೋಟಿಗಟ್ಟಲೆ ರೂಪಾಯಿಗಳ ಪ್ರಶ್ನೆ ಕೊನೆಗೆ ಒಂದು ಸರಳ ವಿಚಾರಕ್ಕೆ ಬಂದು ನಿಲ್ಲುತ್ತದೆ. ಸರ್ವೆಯರ್ ಮತ್ತು ಕಂದಾಯ ನಿರೀಕ್ಷಕ ಜಮೀನಿಗೆ ಹೋಗಿ ಮಹಜರು ಬರೆದ ದಿನಾಂಕ ಯಾವುದು? 16(2)ರ ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದಿದೆಯೇ, ಇಲ್ಲವೇ?

ಎಂ.ಎ. ತರಗತಿಯಲ್ಲಿ ರಿಕಾರ್ಡೋನ ಗೇಣಿ ಸಿದ್ಧಾಂತವನ್ನು ಬಾಯಿಪಾಠ ಮಾಡಿದ್ದೆ. ದುಡಿಮೆಯಿಂದಲ್ಲದೆ, ವಿರಳತೆಯಿಂದಲೇ ಹುಟ್ಟುವ ಆದಾಯ ಅದು. ಅದರ ನಿಜವಾದ ಅರ್ಥ ಹೊಳೆದದ್ದು ಸಚಿವಾಲಯದಲ್ಲಿ. ಅಧಿಸೂಚನೆಯಲ್ಲಿ ಸಿಕ್ಕಿಬಿದ್ದ ಎಕರೆಗೆ ಒಂದು ಬೆಲೆ, ಬಿಡುಗಡೆಯಾದ ಎಕರೆಗೆ ಅದರ ಎಷ್ಟೋ ಪಟ್ಟು. ನಡುವಿನ ವ್ಯತ್ಯಾಸವನ್ನು ಹುಟ್ಟಿಸುವುದು ಒಂದು ಸಹಿ. ಅದಿರಿನ ಕತೆಯೂ ಇದೇ. 2009ರ ಆಗಸ್ಟ್‌ವರೆಗೆ ಕಬ್ಬಿಣದ ಅದಿರಿಗೆ ರಾಜಧನ ಟನ್ನಿಗೆ ಅತಿ ಹೆಚ್ಚೆಂದರೆ 27 ರೂಪಾಯಿ. ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಅದೇ ಟನ್ನಿಗೆ ಸಾವಿರಾರು ರೂಪಾಯಿ ಕೊಡಲು ಸಿದ್ಧವಿತ್ತು. ಸರ್ಕಾರವೇ ಇಷ್ಟು ಅಗ್ಗವಾಗಿ ಮಾರಿದ ಮೇಲೆ ಉಳಿದ ಹಣ ಯಾರಾದರೊಬ್ಬರ ಕೈಸೇರಲೇಬೇಕಿತ್ತು, ಸೇರಿತು. ಆ ಹಣವೇ ಚುನಾವಣೆಗೂ ಬಂತು, ಶಾಸಕರನ್ನು ರೆಸಾರ್ಟಿಗೂ ಕರೆದೊಯ್ದಿತು. ನೀತಿ ತಪ್ಪಿದ್ದಕ್ಕೆ ನಾವು ವ್ಯಕ್ತಿಗಳನ್ನು ಬೈದೆವು. ಬೈಯುವುದು ಸುಲಭ, ರಾಜಧನದ ದರಪಟ್ಟಿ ಓದುವುದು ಬೇಸರದ ಕೆಲಸ.

ಈ ಬೇಸರದ ಕೆಲಸವನ್ನು ಮಾಡಿದವರು ಕೆಲವರಿದ್ದರು. ಕಾರವಾರ ವಿಭಾಗದ ಅರಣ್ಯ ಅಧಿಕಾರಿ ಆರ್. ಗೋಕುಲ್ ಅವರು 2010ರ ಮಾರ್ಚ್‌ನಲ್ಲಿ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ ಸುಮಾರು 8 ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿದರು. ಜಪ್ತಿಯಾದ ಅದಿರಿನ ಬಹುಭಾಗ ಕೆಲವೇ ತಿಂಗಳಲ್ಲಿ ಹಡಗೇರಿ ಹೋಯಿತು. ಅಮಾನತಿಗೆ ಶಿಫಾರಸಾದದ್ದು ಮಾತ್ರ ಜಪ್ತಿ ಮಾಡಿದ ಅಧಿಕಾರಿಯ ಹೆಸರು. ಸಂತೋಷ್ ಹೆಗ್ಡೆ ಅವರು ಆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟದ್ದಕ್ಕೆ ಇದು ದೊಡ್ಡ ಕಾರಣವಾಗಿತ್ತು. ಆಮೇಲೆ ಅದನ್ನು ಹಿಂತೆಗೆದುಕೊಂಡರು. ಅಂತಿಮ ವರದಿಯ ಬೆನ್ನೆಲುಬಾಗಿ ನಿಂತದ್ದು ಇನ್ನೊಬ್ಬ ಅರಣ್ಯ ಅಧಿಕಾರಿ ಡಾ. ಯು.ವಿ. ಸಿಂಗ್ ಅವರ ತಂಡದ ಲೆಕ್ಕಾಚಾರ. ಪರವಾನಗಿ ಚೀಟಿಗಳು, ತೂಕದ ರಸೀತಿಗಳು, ಬಂದರಿನ ದಾಖಲೆಗಳು, ಬ್ಯಾಂಕ್ ಖಾತೆಗಳು ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಿ ಅವರು ರಾಜ್ಯದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿದರು. ಅದಿರು ಸಾಗಿಸುವವರಿಗೆ ಯಾವ ಇಲಾಖೆಯವರೂ ತೊಂದರೆ ಕೊಡದಂತೆ ನೋಡಿಕೊಳ್ಳುತ್ತಿದ್ದ ವ್ಯವಸ್ಥೆಗೆ ‘ಝೀರೋ ರಿಸ್ಕ್’ ಎಂಬ ಹೆಸರಿತ್ತೆಂದು ವರದಿ ಹೇಳಿತು. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು; ಆಗಸ್ಟ್ 26ರಂದು ತುಮಕೂರು, ಚಿತ್ರದುರ್ಗಗಳಿಗೂ ಅದು ಅನ್ವಯಿಸಿತು.

ವರದಿಯಲ್ಲಿ ನೂರಾರು ಅಧಿಕಾರಿಗಳ ಪ್ರಸ್ತಾಪವಿದೆಯೆಂದು ತಿಳಿದಾಗ ನಮ್ಮ ಕಾರಿಡಾರುಗಳಲ್ಲಿ ಮಾತು ನಿಂತುಹೋಗಿತ್ತು. ನನಗೂ ಗಣಿಗೂ ಸಂಬಂಧವಿರಲಿಲ್ಲ. ಆದರೂ ನನಗೊಂದು ಕಡತ ನೆನಪಾಗುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಇಲಾಖೆಯ ಹೆಸರು ಬೇಡ, ಊರಿನದೂ ಬೇಡ. ಆಗಿನ ಸರ್ಕಾರ ಯಾವ ಪಕ್ಷದ್ದೆಂಬುದೂ ಇಲ್ಲಿ ಮುಖ್ಯವಲ್ಲ. ನಾನು ಉಪ ಕಾರ್ಯದರ್ಶಿಯಾಗಿದ್ದೆ. ಸ್ವಾಧೀನದಿಂದ ಒಂದಷ್ಟು ಜಮೀನು ಕೈಬಿಡಬೇಕೆಂಬ ಮನವಿಯೊಂದು ಬಂತು. ನಮ್ಮ ಶಾಖಾಧಿಕಾರಿ ಒಬ್ಬ ಮಹಿಳೆ, ಮಾತು ಕಡಿಮೆ. ಅವರು ಹಳೆಯ ದಾಖಲೆ ಹುಡುಕಿ ಮಹಜರಿನ ಪ್ರತಿಯನ್ನೂ 16(2)ರ ಅಧಿಸೂಚನೆಯನ್ನೂ ಕಡತಕ್ಕೆ ಸೇರಿಸಿ, ಫ್ಲ್ಯಾಗ್ ಹಚ್ಚಿ, ಸ್ವಾಧೀನ ಪೂರ್ಣಗೊಂಡಿರುವುದರಿಂದ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ ಎಂದು ಟಿಪ್ಪಣಿ ಮಂಡಿಸಿದರು. ಅದರ ಕೆಳಗೆ ‘ಮೇಲಿನ ಕಂಡಿಕೆಯನ್ನು ಒಪ್ಪಿದೆ’ ಎಂದು ಬರೆದು ನಾನು ಮೇಲಕ್ಕೆ ಕಳಿಸಿದೆ. ಮೂರನೆಯ ದಿನ ಕಡತ ಹಿಂದಕ್ಕೆ ಬಂತು. ಅಂಚಿನಲ್ಲಿ ಒಂದೇ ಪದದ ಷರಾ: ‘ಚರ್ಚಿಸಿ’.

ಸಚಿವಾಲಯದಲ್ಲಿ ಕೆಲಸ ಮಾಡದವರಿಗೆ ಈ ಪದದ ತೂಕ ತಿಳಿಯಲಾರದು. ‘ಒಪ್ಪಿಲ್ಲ’ ಎಂದು ಬರೆದರೆ ಕಾರಣ ಬರೆಯಬೇಕು, ಅದು ದಾಖಲೆಯಾಗುತ್ತದೆ. ‘ಚರ್ಚಿಸಿ’ ಎಂದರೆ ನೀನು ಬಾ, ಬಾಯಲ್ಲಿ ಹೇಳುತ್ತೇನೆ, ನೀನೇ ಬರೆ ಎಂದರ್ಥ. ಹೋದೆ. ಕಾಫಿ ತರಿಸಿದರು. ಮಗನ ಓದಿನ ಬಗ್ಗೆ ವಿಚಾರಿಸಿದರು. ಕಡತದ ಮಾತು ಬಂದದ್ದು ಕೊನೆಗೆ: ‘ಮಹಜರು ಕಾಗದದ ಮೇಲೆ ಆಗಿರುತ್ತೆ ರೀ, ಜಮೀನಿನಲ್ಲಿ ಈಗಲೂ ತೆಂಗಿನ ಮರ ಇದೆಯಂತೆ. ಸ್ವಲ್ಪ ನೋಡಿ.’ ಅಷ್ಟೇ. ಬೆದರಿಕೆಯಿಲ್ಲ, ಆಮಿಷವಿಲ್ಲ. ಆ ಸಂಜೆಯೇ ಇನ್ನೊಂದು ಟಿಪ್ಪಣಿ ಬರೆದೆ. ‘ಚರ್ಚಿಸಿದಂತೆ, ಸ್ವಾಧೀನವು ದಾಖಲೆಯಲ್ಲಿ ಮಾತ್ರ ಆಗಿದ್ದು ವಾಸ್ತವವಾಗಿ ಆಗಿಲ್ಲದಿರುವ ಸಾಧ್ಯತೆ ಇರುವುದರಿಂದ, ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಬಹುದಾಗಿದೆ.’ ಸಾಧ್ಯತೆ, ಸಹಾನುಭೂತಿ, ಬಹುದಾಗಿದೆ: ಮೂರು ಪದಗಳ ಹಿಂದೆ ನಾನು ಅಡಗಿಕೊಂಡೆ. ಜಮೀನು ಹೋಯಿತು. ಎರಡು ತಿಂಗಳ ಬಳಿಕ ಶಾಖಾಧಿಕಾರಿಗೆ ವರ್ಗಾವಣೆಯಾಯಿತು. ಅದಕ್ಕೂ ಇದಕ್ಕೂ ಸಂಬಂಧವಿತ್ತೆಂದು ಹೇಳಲು ನನ್ನ ಬಳಿ ಆಧಾರವಿಲ್ಲ. ತಡೆಯಲು ನಾನು ಏನೂ ಮಾಡಲಿಲ್ಲ ಎಂಬುದಕ್ಕೆ ನಾನೇ ಆಧಾರ.

ಒಂದು ರೂಪಾಯಿಯನ್ನೂ ಮುಟ್ಟಿಲ್ಲ ಎಂಬ ಹೆಮ್ಮೆ ನನ್ನ ಪೀಳಿಗೆಯ ಅನೇಕ ಅಧಿಕಾರಿಗಳಿಗಿದೆ, ನನಗೂ ಇತ್ತು. 2011 ಆ ಹೆಮ್ಮೆಯ ಬೆಲೆ ಎಷ್ಟೆಂದು ತೋರಿಸಿತು. ಲೋಕಾಯುಕ್ತದವರು ಹಳೆಯ ಕಡತಗಳನ್ನು ಕೇಳುತ್ತಿದ್ದಾರೆಂಬ ಸುದ್ದಿ ಬಂದಾಗಲೆಲ್ಲ ನನ್ನ ಕಡತದ ಸಂಖ್ಯೆ ಕಣ್ಣ ಮುಂದೆ ಬರುತ್ತಿತ್ತು. ಮನೆಯವಳಿಗೂ ಹೇಳಿರಲಿಲ್ಲ.

ಆ ಕಡತವನ್ನು ಯಾರೂ ಕೇಳಲಿಲ್ಲ.

ಇನ್ನು, ಆ ವರ್ಷದ ಫಲವೇನಾಯಿತು? 2012ರ ಮಾರ್ಚ್ 7ರಂದು ಹೈಕೋರ್ಟ್, ಗಣಿ ವರದಿಯಲ್ಲಿ ಯಡಿಯೂರಪ್ಪನವರಿಗೆ ಸಂಬಂಧಿಸಿದ 22ನೇ ಅಧ್ಯಾಯವನ್ನೂ ಅದರ ಮೇಲಿನ ಎಫ್‌ಐಆರ್ ಅನ್ನೂ ರದ್ದುಮಾಡಿತು. ಅವರ ವಿರುದ್ಧ ಬರೆಯುವ ಮುನ್ನ ಅವರ ಅಹವಾಲು ಕೇಳಿರಲಿಲ್ಲವೆಂಬುದು ಮುಖ್ಯ ಕಾರಣ. ಪಾರ್ಕಿನ ಗೆಳೆಯರು ಸಿಟ್ಟಾದರು. ನಾನು ಒಪ್ಪಲಿಲ್ಲ. ಹತ್ತು ತಿಂಗಳ ಹಿಂದೆ ಸುಪ್ರೀಂ ಕೋರ್ಟ್ ಶಾಸಕರ ಅನರ್ಹತೆಯನ್ನು ಅಳಿಸಿಹಾಕಿದ್ದೂ ಇದೇ ತತ್ತ್ವದ ಮೇಲೆ. ನಿಯಮದಂತೆ ಏಳು ದಿನ ಕೊಡಬೇಕಾದಲ್ಲಿ ಸಭಾಧ್ಯಕ್ಷರು ಅವಸರದಿಂದ ಮೂರೇ ದಿನಗಳಲ್ಲಿ ಉತ್ತರ ಕೇಳಿದ್ದರು. ಅಂದು ಅದೇ ನ್ಯಾಯ ಮುಖ್ಯಮಂತ್ರಿಗೆ ಪೆಟ್ಟಾಗಿ ಬಿತ್ತು, ಇಂದು ರಕ್ಷೆಯಾಯಿತು. ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿದವರು ಎರಡನೆಯದಕ್ಕೆ ಗೊಣಗುವಂತಿಲ್ಲ. ಒಬ್ಬ ಗುಮಾಸ್ತನಿಗೆ ದಂಡನೆ ವಿಧಿಸುವ ಮೊದಲೂ ನೋಟಿಸು ಕೊಡಬೇಕೆಂದು ನಾನು ಮೂವತ್ತು ವರ್ಷ ಬರೆದವನು. 2016ರ ಅಕ್ಟೋಬರಿನಲ್ಲಿ ಸಿಬಿಐ ವಿಶೇಷ ನ್ಯಾಯಾಲಯವೂ ಪ್ರೇರಣಾ ಟ್ರಸ್ಟಿನ ದೇಣಿಗೆ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. 2019ರಲ್ಲಿ ಅವರು ಮತ್ತೆ ಎರಡು ವರ್ಷ ಮುಖ್ಯಮಂತ್ರಿಯಾದರು.

ನನ್ನನ್ನು ಕಾಡಿದ್ದು ಖುಲಾಸೆಗಳಲ್ಲ, ಖಾಲಿ ಕುರ್ಚಿ. ಸಂತೋಷ್ ಹೆಗ್ಡೆ ಅವರ ಬಳಿಕ ಲೋಕಾಯುಕ್ತರಾದ ಶಿವರಾಜ ಪಾಟೀಲರು ನಿವೇಶನದ ಆಕ್ಷೇಪವೊಂದರಿಂದಾಗಿ 2011ರ ಸೆಪ್ಟೆಂಬರಿನಲ್ಲಿ, ಒಂದೂವರೆ ತಿಂಗಳಲ್ಲೇ ರಾಜೀನಾಮೆಯಿತ್ತರು. ಆಮೇಲೆ 2013ರ ಫೆಬ್ರುವರಿಯವರೆಗೆ ರಾಜ್ಯಕ್ಕೆ ಲೋಕಾಯುಕ್ತರೇ ಇರಲಿಲ್ಲ. ಹದಿನೇಳು ತಿಂಗಳು! ಯಾರೂ ಬಂದ್‌ಗೆ ಕರೆ ಕೊಡಲಿಲ್ಲ, ಯಾರೂ ಮೇಣದ ಬತ್ತಿ ಹಚ್ಚಲಿಲ್ಲ. 1984ರ ಕಾಯ್ದೆಯಿಂದ ಹುಟ್ಟಿ, ವೆಂಕಟಾಚಲ ಅವರ ಕಾಲದಲ್ಲಿ ಮನೆಮಾತಾಗಿದ್ದ ಸಂಸ್ಥೆಯ ಹೆಸರು 2015ರಲ್ಲಿ ಲೋಕಾಯುಕ್ತರ ಮಗನೇ ಸುಲಿಗೆ ಆರೋಪದ ಮೇಲೆ ಬಂಧಿತನಾದಾಗ ಮಣ್ಣುಪಾಲಾಯಿತು. 2016ರ ಮಾರ್ಚ್‌ನಲ್ಲಿ ಅಂದಿನ ಕಾಂಗ್ರೆಸ್ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೊಂದನ್ನು ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. ವಿರೋಧ ಪಕ್ಷದಲ್ಲಿದ್ದಾಗ ಅದನ್ನು ಟೀಕಿಸಿದ ಬಿಜೆಪಿ, ಅಧಿಕಾರಕ್ಕೆ ಬಂದ ಮೇಲೆ ತಾನಾಗಿ ರದ್ದುಮಾಡಲಿಲ್ಲ. ರದ್ದುಮಾಡಿದ್ದು ಹೈಕೋರ್ಟ್, 2022ರ ಆಗಸ್ಟ್ 11ರಂದು. ಪಕ್ಷಗಳು ಒಮ್ಮತಕ್ಕೆ ಬರುವುದೇ ಇಲ್ಲವೆಂದು ಯಾರು ಹೇಳಿದರು?

ಬೇಲೆಕೇರಿಯ ಅದಿರು ಮಾಯವಾಗಿ ಹದಿನಾಲ್ಕು ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಕಾರವಾರದ ಶಾಸಕರಿಗೂ ಇತರ ಕೆಲವರಿಗೂ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮರು ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅದೇ 2024ರಲ್ಲಿ ಮತ್ತೊಬ್ಬ ರಾಜ್ಯಪಾಲರು ಮತ್ತೊಬ್ಬ ಮುಖ್ಯಮಂತ್ರಿಯ ವಿರುದ್ಧ ಅನುಮತಿ ಕೊಟ್ಟರು. ಈ ಬಾರಿ ಮೈಸೂರಿನ ಮುಡಾ. ಆಗಸ್ಟ್‌ನಲ್ಲಿ ಥಾವರಚಂದ್ ಗೆಹಲೋತ್ ಅವರ ಆದೇಶ ಬಂತು. ಸೆಪ್ಟೆಂಬರ್ 24ರಂದು ಹೈಕೋರ್ಟ್ ತನಿಖೆಗೆ ದಾರಿ ಮಾಡಿಕೊಟ್ಟಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಪತ್ನಿ ಹದಿನಾಲ್ಕು ನಿವೇಶನಗಳನ್ನು ಹಿಂದಿರುಗಿಸಿದರು. 2025ರ ಫೆಬ್ರುವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ವರದಿ ಸಲ್ಲಿಸಿದರು. ಯಾರು ತಪ್ಪಿತಸ್ಥರೆಂದು ಹೇಳುವ ಅಧಿಕಾರ ನನಗಿಲ್ಲ. ನನ್ನ ಕಣ್ಣು ಹೋದದ್ದು ಬೇರೆಡೆಗೆ. ಆ ಪ್ರಕರಣದ ಬುಡದಲ್ಲೂ ಕೆಸರೆ ಗ್ರಾಮದ 3 ಎಕರೆ 16 ಗುಂಟೆ ಜಮೀನಿತ್ತು; ಅದನ್ನೂ 1998ರಲ್ಲಿ ಸ್ವಾಧೀನದಿಂದ ಕೈಬಿಡಲಾಗಿತ್ತು. ಯಾವ ಶಾಖಾಧಿಕಾರಿ ಏನು ಬರೆದಿದ್ದರೋ, ಯಾವ ಉಪ ಕಾರ್ಯದರ್ಶಿ ಏನು ಸೇರಿಸಿದರೋ ಎಂದು ಪತ್ರಿಕೆ ಓದುತ್ತ ಯೋಚಿಸಿದೆ.

ಆ ದಿನಗಳಲ್ಲೇ ಒಂದು ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಬಳಿ ಹಣ್ಣು ಕೊಳ್ಳುತ್ತಿದ್ದೆ. ‘ನಮಸ್ಕಾರ ಸರ್, ಗುರುತು ಸಿಕ್ಕಿತೆ?’ ಎಂಬ ದನಿ ಕೇಳಿ ತಿರುಗಿದೆ. ನಮ್ಮ ಶಾಖಾಧಿಕಾರಿ. ಅವರೂ ನಿವೃತ್ತರಾಗಿ ಬನಶಂಕರಿಯಲ್ಲಿ ಮಗಳ ಮನೆಯ ಹತ್ತಿರ ಇದ್ದಾರಂತೆ. ಯೋಗಕ್ಷೇಮದ ಮಾತು ಮುಗಿದ ಮೇಲೆ ತಡೆಯಲಾಗದೆ ಕೇಳಿದೆ: ‘ಆ ಫೈಲು ನೆನಪಿದೆಯೇನಮ್ಮಾ ನಿಮಗೆ?’

‘ತೆಂಗಿನ ಮರದ್ದಾ ಸರ್?’ ಎಂದರು ಅವರು ಕೂಡಲೇ. ಆಮೇಲೆ ನಕ್ಕರು. ‘ನನ್ನನ್ನು ಹಾಕಿದ ಹೊಸ ಸೆಕ್ಷನ್‌ನಲ್ಲಿ ಕೆಲಸ ಕಡಿಮೆ ಇತ್ತು. ಮಗಳಿಗೆ ಆ ವರ್ಷ ಹತ್ತನೇ ಕ್ಲಾಸು. ಒಳ್ಳೆಯದೇ ಆಯಿತು ಬಿಡಿ.’

ನಾನು ಕ್ಷಮೆ ಕೇಳಬೇಕೆಂದಿದ್ದೆ. ಮಾತು ಹೊರಡಲಿಲ್ಲ. ಅವರು ಕೈಚೀಲ ಸರಿಮಾಡಿಕೊಳ್ಳುತ್ತ ಕೇಳಿದರು: ‘ನಾನು ಬರೆದ ಪುಟ ಅದರಲ್ಲಿ ಇನ್ನೂ ಹಾಗೇ ಇರುತ್ತೆ ಅಲ್ವಾ ಸರ್?’

‘ಇರುತ್ತೆ. ಮುಚ್ಚುವಾಗ ಶಾಶ್ವತ ದಾಖಲೆಗೆ ಸೇರಿಸಿ ಅಂತ ನಾನೇ ಬರೆದಿದ್ದೆ’ ಎಂದೆ.

ಅದರ ಕೆಳಗಿನ ಪುಟದಲ್ಲಿ ಏನಿದೆಯೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟರಲ್ಲಿ ಬನಶಂಕರಿಯ ಬಸ್ಸು ಬಂತು. ‘ಬರ್ತೀನಿ ಸರ್, ಅಮ್ಮಾವರಿಗೆ ಹೇಳಿ’ ಎಂದು ಅವರು ಹತ್ತಿಕೊಂಡರು.